ಮೂವತ್ತೈದನೆಯ ಹಕ್ಕಿ

ಪೋರ್ಟ್ ಕಾರ್ಬೆಟ್
೯ ಮಾರ್ಚ್ ೨೦೨೫

ಪ್ರಿಯ ಕ್ಲೆಮ್,

ನೀನು ಊರು ಬಿಟ್ಟು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಾನು ನಿನಗೆ ಕಳಿಸಿದ್ದು ಎರಡು ಕ್ರಿಸ್‌ಮಸ್ ಕಾರ್ಡು ಮಾತ್ರ. ಈಗ ಬರೆಯುತ್ತಿರುವುದೂ ಕುಶಲ ಕೇಳಲಿಕ್ಕಲ್ಲ. ಸಿಟ್ಟು ಬಂದಿದೆ. ಅದು ನಿನ್ನ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ.

ಲಾರ್ಕಿನ್ ಜೌಗನ್ನು ಮಣ್ಣು ಹಾಕಿ ಮುಚ್ಚುತ್ತಾರಂತೆ. ಮುನ್ನೂರು ವಿಹಾರದ ದೋಣಿಗಳಿಗೆ ಕಟ್ಟೆ, ಸುತ್ತ ನೂರೆಪ್ಪತ್ತು ಮನೆ, ನಡುವೆ ಒಂದು ಕಾಫಿ ಅಂಗಡಿ. ಮೊನ್ನೆ ಮಾಜಿ ಸೈನಿಕರ ಕ್ಲಬ್ಬಿನ ಸಭಾಂಗಣದಲ್ಲಿ ಸಭೆ ಇತ್ತು. ಕಂಪನಿಯವನು ಬಣ್ಣದ ಚಿತ್ರ ತೋರಿಸಿದ. ಬಿಳಿ ಪ್ಯಾಂಟು ತೊಟ್ಟ ಗಂಡ ಹೆಂಡತಿ, ಅವರ ತಲೆಯ ಮೇಲೆ ಒಂದು ಹಕ್ಕಿ. ಕನ್ನಡಕ ಹಾಕಿಕೊಂಡು ನೋಡಿದೆ. ಭೂಮಿಯ ಈ ಅರ್ಧದಲ್ಲೇ ಇಲ್ಲದ ಕಡಲಕ್ಕಿ! ಎದ್ದು ನಿಂತು ಹಕ್ಕಿಗಳ ಗತಿ ಏನು ಎಂದು ಕೇಳಿದೆ.

"ಅವಕ್ಕೆ ರೆಕ್ಕೆ ಇದೆಯಲ್ಲ ಮೇಡಂ, ಪಕ್ಕದ ಕೊಲ್ಲಿಗೆ ಹೋಗ್ತಾವೆ," ಅಂದ.

"ನಿಮಗೆ ಕಾಲಿದೆಯಲ್ಲಪ್ಪ, ನೀವೇ ಪಕ್ಕದ ಊರಿಗೆ ಹೋಗಿ," ಅಂದೆ.

ಸಭೆಗೆ ಸಭೆಯೇ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಆಗಲೇ ಅಲ್ಲಿ ಮನೆಗೆ ಹೆಸರು ಬರೆಸಿದವರು.

ಇದೇ ಪುರಸಭೆ ೧೯೭೪ರಲ್ಲಿ ಆ ಜೌಗಿಗೆ ಊರ ಕಸ ಸುರಿಯಿತು. ೧೯೮೬ರಲ್ಲಿ ಕಸ ತೆಗೆಸಿ, ಇನ್ನು ಈ ಜಾಗವನ್ನು ಎಂದೂ ಮುಟ್ಟುವುದಿಲ್ಲ ಎಂದು ಕಂಚಿನ ಫಲಕ ಹಾಕಿಸಿತು. ೧೯೯೮ರಲ್ಲಿ ಯಾರೋ ಕಂಚಿನಾಸೆಗೆ ಫಲಕ ಕದ್ದರು. ಹೊಸದು ಹಾಕಿ ಎಂದು ನಾನು ನಾಲ್ಕು ಸಲ ಅರ್ಜಿ ಕೊಟ್ಟೆ. ಹಾಕಲಿಲ್ಲ. ಫಲಕದ ಜೊತೆ ಮಾತೂ ಕಳುವಾಯಿತು ಎಂದು ಅವತ್ತೇ ಪತ್ರಿಕೆಗೆ ಬರೆದಿದ್ದೆ, ನಿನಗೆ ನೆನಪಿರಬಹುದು.

ಈಗ ನಿನ್ನ ವಿಷಯ. ಈ ಯೋಜನೆಯನ್ನು ತಡೆಯಬಲ್ಲದ್ದು ಒಂದೇ. ಲೋಕದಲ್ಲಿ ಉಳಿದಿರುವ ದೊಡ್ಡ ಕರ್ಲ್ಯೂ ಹಕ್ಕಿಗಳಲ್ಲಿ ಸಾವಿರಕ್ಕೊಂದರಂತೆ ಒಂದು ಜಾಗದಲ್ಲಿ ಸೇರಿದ್ದು ಸಾಬೀತಾದರೆ ಆ ಜಾಗ ಇಡೀ ದೇಶಕ್ಕೆ ಮುಖ್ಯ ಎಂದು ಲೆಕ್ಕ. ಆಮೇಲೆ ಪುರಸಭೆಯ ಮಾತು ನಡೆಯುವುದಿಲ್ಲ. ಉಳಿದಿರುವುದು ಮೂವತ್ತೈದು ಸಾವಿರ ಎನ್ನುತ್ತಾರೆ, ಅಂದರೆ ಮೂವತ್ತೈದು ಹಕ್ಕಿ ಬೇಕು. ಕಳೆದ ಹತ್ತು ವರ್ಷದ ಯಾವುದೇ ಎಣಿಕೆಯಾದರೂ ಆಗಬಹುದು, ಇಬ್ಬರ ಸಹಿ ಇರಬೇಕು. ಈಚೆಗೆ ಇಪ್ಪತ್ತೈದು ಬಂದರೆ ಹೆಚ್ಚು. ಹತ್ತು ವರ್ಷದಲ್ಲಿ ಹಕ್ಕಿ ಕ್ಲಬ್ಬಿಗಾಗಿ ನಾವಿಬ್ಬರು ಮಾಡಿದ ಅತಿ ದೊಡ್ಡ ಎಣಿಕೆ ೨೦೧೯ರ ಫೆಬ್ರುವರಿಯದು. ಮೂವತ್ತನಾಲ್ಕು.

ಅವತ್ತು ನನ್ನ ಚೀಟಿಯಲ್ಲಿದ್ದದ್ದು ಮೂವತ್ತೈದು ಕ್ಲೆಮ್. ನಿನ್ನದರಲ್ಲಿ ಮೂವತ್ತನಾಲ್ಕು. ಮೂರು ಸಲ ಎಣಿಸಿದೆವು, ಮೂರು ಸಲವೂ ಹಾಗೇ. ಬಾಯಿಬಿಟ್ಟು ಹೇಳದೆ ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯುವುದು, ಮೂರು ಸಲ ಹೊಂದದಿದ್ದರೆ ಕಡಿಮೆಯದನ್ನು ದಾಖಲೆಗೆ ಹಾಕುವುದು. ಆ ನಿಯಮ ಮಾಡಿದವನು ನೀನು. "ಹೆಚ್ಚು ಬರೆದ್ರೆ ಹಕ್ಕಿ ಹೆಚ್ಚಾಗಲ್ಲ ಕಣೇ" ಅಂದೆ. ಈಗ ನೋಡು, ಕಡಿಮೆ ಬರೆದದ್ದಕ್ಕೆ ಇದ್ದವೂ ಹೋಗುತ್ತವೆ.

ಜೂನ್ ಹದಿನೇಳಕ್ಕೆ ಯೋಜನಾ ಮಂಡಳಿಯ ಮುಂದೆ ವಿಚಾರಣೆ. ನಿನ್ನ ಪ್ರಾಮಾಣಿಕತೆಗೆ ಅವರು ಖಂಡಿತ ಹಾರ ಹಾಕುತ್ತಾರೆ.

ವಿಲ್ಮಾ ಪಾಸ್ಕೋ


ಬೆಂಡಿಗೋ
೨೦ ಮಾರ್ಚ್

ವಿಲ್,

ಹೆಸರಿನ ಜೊತೆ ಮನೆತನದ ಹೆಸರೂ ಹಾಕಿ ಸಹಿ ಮಾಡಿದ್ದೀಯ. ಅಷ್ಟು ಸಿಟ್ಟೇ?

ನಾನು ಕಪ್ಪು ದಪ್ಪ ಪೆನ್ನಿನಲ್ಲಿ ಬರೆಯುತ್ತೇನೆ, ಪುಟಕ್ಕೆ ಹತ್ತು ಸಾಲು. ಅದಕ್ಕಿಂತ ಸಣ್ಣದಾದರೆ ನನಗೇ ಕಾಣುವುದಿಲ್ಲ. ಕಣ್ಣಿನ ನಡುಭಾಗ ಎರಡೂ ಕಡೆ ಹೋಗಿದೆ. ಸುತ್ತ ಕಾಣುತ್ತದೆ, ನಟ್ಟನಡುವೆ ಒಂದು ಬೂದು ಬಿಲ್ಲೆ. ಮಗಳು ಲಿನೆಟ್‌ಳ ಮುಖ ನೋಡಬೇಕಾದರೆ ಅವಳ ಕಿವಿ ನೋಡಬೇಕು. ಅಕ್ಷರ ದೊಡ್ಡದು ಮಾಡುವ ಯಂತ್ರ ತಂದುಕೊಟ್ಟಿದ್ದಾಳೆ. ನಿನ್ನ ಪತ್ರವನ್ನು ಒಂದೊಂದೇ ಪದವಾಗಿ ಓದಿದೆ. ಬೈಗುಳ ಹೀಗೆ ಬಿಡಿಬಿಡಿಯಾಗಿ ಬಂದರೆ ಜಾಸ್ತಿ ನಾಟುತ್ತದೆ.

ಜೌಗಿನ ಸುದ್ದಿ ಕೇಳಿ ಎರಡು ದಿನ ಊಟ ಸೇರಲಿಲ್ಲ. ಆದರೆ ಮೂವತ್ತನಾಲ್ಕು ಮೂವತ್ತನಾಲ್ಕೇ. ನಾನು ಮೂವತ್ತೆಂಟು ವರ್ಷ ಹಾಲಿನ ಕಾರ್ಖಾನೆಯಲ್ಲಿ ಕೊಬ್ಬಿನಂಶ ಅಳೆದವನು. ನೆಂಟರ ಹಾಲಿಗೂ ಒಂದು ಗೆರೆ ಹೆಚ್ಚು ಬರೆದವನಲ್ಲ. ಅದು ನಿನಗೂ ಗೊತ್ತು. ನಿನಗೆ ಸಿಟ್ಟು ಬಂದಿರುವುದೂ ಅದಕ್ಕೇ.

ಹಕ್ಕಿಗಳು ಹೊರಟವೇ? ಇಲ್ಲಿ ಬರೀ ಗಲಾ ಗಿಳಿಗಳು. ಲಿನೆಟ್‌ಳ ಬೇಲಿಯ ಮೇಲೆ ಕೂತು ಜಗಳವಾಡುತ್ತವೆ.

ಕ್ಲೆಮ್


ಪೋರ್ಟ್ ಕಾರ್ಬೆಟ್
೨೮ ಮಾರ್ಚ್

ಪ್ರಿಯ ಕ್ಲೆಮ್,

ನಿನ್ನ ಕಣ್ಣು ಇಷ್ಟು ಕೆಟ್ಟಿದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಬೈಯುತ್ತಿದ್ದೆ, ಆದರೆ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೆ. ಈಗ ಹಾಗೇ ಬರೆದಿದ್ದೇನೆ.

ಹೊರಟವು. ಕೊನೆಯ ಏಳು ಮೊನ್ನೆ ಮಂಗಳವಾರ ಬೆಳಿಗ್ಗೆ ಇದ್ದವು. ನೀರು ಇಳಿಯುವ ಹೊತ್ತಿಗೆ ಹಳೆಯ ಕಂಬದ ಹತ್ತಿರ ಮಂಡಿಯೂರಿ ಕೂತೆ. ಈ ಪ್ರಾಯದಲ್ಲಿ ಮಂಡಿಯೂರುವುದು ಸುಲಭ, ಏಳುವುದು ಕಷ್ಟ. ಮೊದಲು ಒಂದು ಮೊಳ ಕೆಸರು ತೆರೆಯಿತು. ಪುಟಾಣಿ ಸ್ಟಿಂಟ್ ಹಕ್ಕಿಗಳು ಓಡಿ ಬಂದು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಟ್ಟತೊಡಗಿದವು. ನಮ್ಮ ದೊಡ್ಡವು ಅವಸರ ಮಾಡಲಿಲ್ಲ. ಒಂದು ಹೆಣ್ಣು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕೊಬ್ಬಿದ್ದಳು, ಏಡಿಯ ಬಿಲ ನೋಡಿ ನಿಂತಳು. ಆ ಕುಡುಗೋಲಿನಂಥ ಕೊಕ್ಕನ್ನು ಕಣ್ಣಿನವರೆಗೂ ಇಳಿಸಿದಳು. ತಲೆ ಓರೆ ಮಾಡಿ ತಿರುವಿದಳು. ಏಡಿ ಬಂತು. ಅದನ್ನು ಕೊಡವಿ ಕೊಡವಿ ಒಂದೊಂದೇ ಕಾಲು ಉದುರಿಸಿ ನುಂಗಿದಳು. ಉದುರಿದ ಕಾಲುಗಳಿಗೆ ಸ್ಟಿಂಟ್‌ಗಳು ಮುತ್ತಿಕೊಂಡವು. ನಾನು ನಲವತ್ತು ಚಿತ್ರ ತೆಗೆದೆ. ಈ ಕೆಸರಿನ ಏಡಿ ತಿಂದು ಕೂಡಿಸಿಕೊಂಡ ಕೊಬ್ಬಿನಲ್ಲಿ ಅವಳು ಸೈಬೀರಿಯಾದ ದಾರಿ ಹಿಡಿಯುತ್ತಾಳೆ. ಸೆಪ್ಟೆಂಬರಿನಲ್ಲಿ ತಿರುಗಿ ಬಂದಾಗ ಇಲ್ಲಿ ಕಾಫಿ ಅಂಗಡಿ ಇರುತ್ತದೆ.

ಮನೆಗೆ ಬಂದು ೨೦೧೯ರ ಕ್ಯಾಮೆರಾ ಕಾರ್ಡುಗಳ ಪೆಟ್ಟಿಗೆ ತೆಗೆದೆ. ಫೆಬ್ರುವರಿಯ ಆ ದಿನದ್ದು ಇದೆ ಕ್ಲೆಮ್. ಹಳೆಯ ಕಂಬದ ಎಡಕ್ಕೆ ಸಾಲಾಗಿ ಮೂವತ್ತನಾಲ್ಕು ಮೇಯುತ್ತಿವೆ. ಕಂಬದ ಬಲಕ್ಕೆ, ಕೆಂಪು ಉಪ್ಪುಗಿಡದ ಹಿಂದೆ, ಇನ್ನೊಂದು ಒಂಟಿಕಾಲಲ್ಲಿ ನಿಂತು ಮಲಗಿದೆ, ಕೊಕ್ಕು ಬೆನ್ನಿನ ಗರಿಯೊಳಗೆ. ಮೂವತ್ತೈದು. ನೀನು ಕೂತ ಜಾಗದಿಂದ ಆ ಗಿಡ ಅಡ್ಡ ಬಂದಿರಬೇಕು.

ನಮ್ಮ ಕಡೆಯ ವಕೀಲರನ್ನು ಕೇಳಿದೆ. ಎಣಿಸಿದ ಇಬ್ಬರೂ ಚಿತ್ರವನ್ನು ನೋಡಿ, ಅಂದಿನ ಸಂಖ್ಯೆ ತಿದ್ದಬೇಕಾದದ್ದು ಎಂದು ಸಹಿ ಮಾಡಿದರೆ ಮಂಡಳಿ ಒಪ್ಪಬಹುದಂತೆ. ಚಿತ್ರದ ಪ್ರತಿ, ಕಾಗದ ಎರಡೂ ಇದರ ಜೊತೆಗಿವೆ. ಗೆರೆ ಎಳೆದಲ್ಲಿ ಸಹಿ ಮಾಡು.

ವಿಲ್


ಬೆಂಡಿಗೋ
೮ ಏಪ್ರಿಲ್

ವಿಲ್,

ಚಿತ್ರವನ್ನು ಯಂತ್ರದ ಕೆಳಗಿಟ್ಟೆ. ಕಂದು ಬಣ್ಣ, ಕೆಂಪು ಬಣ್ಣ. ಅಷ್ಟೇ. ಲಿನೆಟ್‌ಳನ್ನು ಕೇಳಿದೆ. "ಅಪ್ಪಾ, ನಂಗೆ ಎಲ್ಲಾ ಹಕ್ಕಿನೂ ಕೋಳಿ ಥರಾನೇ ಕಾಣ್ಸುತ್ತೆ" ಅಂದಳು. ಸುಳ್ಳಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತೇನೆ. ಕೊಕ್ಕು ಕಾಣುವುದಿಲ್ಲ ಎಂದೆ. ಹಾಗಾದರೆ ಅದು ವಿಂಬ್ರೆಲ್ ಅಲ್ಲ ಎಂದು ಹೇಗೆ ಗೊತ್ತು? ಅದೂ ಕರ್ಲ್ಯೂವಿನ ಹಾಗೇ ಇರುವ ಚಿಕ್ಕ ಜಾತಿ, ಒಂದೆರಡು ಯಾವಾಗಲೂ ಇವುಗಳ ಜೊತೆ ಸೇರಿಕೊಂಡಿರುತ್ತವೆ. ತಲೆಯ ಮೇಲೆ ಪಟ್ಟೆ ಇದೆಯೇ? ಪಕ್ಕದ ಹಕ್ಕಿಗೆ ಹೋಲಿಸಿದರೆ ಅಳತೆ ಎಷ್ಟು?

ಇದನ್ನು ಹೇಳು, ಸಹಿ ಮಾಡುತ್ತೇನೆ. ಒಂದು ಗಿಡ ನನಗೆ ಅಡ್ಡ ಬಂದಿತ್ತು ಎಂದಾದರೆ ತಪ್ಪು ಒಪ್ಪಿಕೊಳ್ಳಲು ನಾಚಿಕೆ ಇಲ್ಲ. ನಿಜ ಹೇಳಬೇಕೆಂದರೆ ಹಾಗೇ ಆಗಿರಲಿ ಎಂದು ಆಸೆಯಿದೆ.

ಕ್ಲೆಮ್


ಪೋರ್ಟ್ ಕಾರ್ಬೆಟ್
೧೫ ಏಪ್ರಿಲ್

ಪ್ರಿಯ ಕ್ಲೆಮ್,

ಈ ವಾರ ಜೌಗಿನ ಸುತ್ತ ತಂತಿ ಬೇಲಿ ಹಾಕಿದರು. ಅನುಮತಿಯೇ ಸಿಕ್ಕಿಲ್ಲ, ಬೇಲಿ ಮಾತ್ರ ಬಂದಿದೆ! ಪುರಸಭೆಗೆ ಫೋನ್ ಮಾಡಿದೆ. "ಅದು ಜನರ ಸುರಕ್ಷತೆಗೆ ಮೇಡಂ" ಅಂದ ಒಬ್ಬ. "ಯಾರಿಂದ ಸುರಕ್ಷತೆ, ಏಡಿಗಳಿಂದಲೋ?" ಅಂದೆ. ಫೋನ್ ಇಟ್ಟ.

ಮೀನಿನಂಗಡಿಯ ಕಾನ್ ಇದ್ದಾನಲ್ಲ, ನಮಗೆ ಇಪ್ಪತ್ತು ವರ್ಷ ಹುರಿದ ಮೀನು ಕಟ್ಟಿಕೊಟ್ಟವನು, ಅವನೂ ಕಿಟಕಿಗೆ ದೋಣಿಕಟ್ಟೆ ಬೇಕು ಎಂಬ ಚೀಟಿ ಅಂಟಿಸಿದ್ದಾನೆ. ನಾನು ಒಳಗೆ ಹೋದ ಕೂಡಲೇ ನಾಚಿಕೊಂಡ. "ಬೇಜಾರ್ ಮಾಡ್ಕೋಬೇಡಿ ವಿಲ್ಮಾ, ಹಕ್ಕಿಗಳು ನನ್ನಂಗಡೀಲಿ ಮೀನು ತಗೊಳ್ಳಲ್ಲ," ಅಂದ. "ಅವು ತಾಜಾ ಮೀನು ತಿಂದು ಅಭ್ಯಾಸ ಇರೋವು," ಅಂದು ಹೊರಬಂದೆ. ಇನ್ನು ಅಲ್ಲಿಗೆ ಹೋಗುವುದಿಲ್ಲ.

ನಾನು ಶಾಲೆಯ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಈ ಊರಿನ ಮಕ್ಕಳಿಗೆ ಪುಸ್ತಕ ಕೊಟ್ಟೆ. ಜೌಗಿನ ಹಕ್ಕಿಗಳ ಪುಸ್ತಕವನ್ನು ಪ್ರತಿ ತರಗತಿಗೂ ಓದಿಸಿದೆ. ಓದಿದವರೇ ಈಗ ಪುರಸಭೆಯಲ್ಲಿ ಕೂತಿದ್ದಾರೆ. ಓದಿದವರಿಗೆ ನೆನಪಿರುತ್ತದೆ ಎಂದು ನಂಬಿದ್ದೆ. ನನಗೊಬ್ಬಳಿಗೇ ಇರುವುದು ಅಂತ ಕಾಣುತ್ತದೆ.

ನೀನು ಕೇಳಿದ್ದಕ್ಕೆ: ತಲೆ ಗರಿಯಲ್ಲಿ ಹುದುಗಿದೆ, ಪಟ್ಟೆ ಗೊತ್ತಾಗುವುದಿಲ್ಲ. ಪಕ್ಕದ ಹಕ್ಕಿಗೂ ಇದಕ್ಕೂ ಅಳತೆ ಒಂದೇ.

ಕಾಗದ ಈ ತಿಂಗಳ ಮೂವತ್ತರೊಳಗೆ ತಲುಪಬೇಕು.

ವಿಲ್


ಬೆಂಡಿಗೋ
೨೪ ಏಪ್ರಿಲ್

ವಿಲ್,

ಸಹಿ ಮಾಡಿದ್ದೇನೆ. ಗೆರೆ ದಾಟಿ ಎಲ್ಲೋ ಹೋಗಿದೆಯಂತೆ. ಲಿನೆಟ್ ನಕ್ಕಳು. "ಅಪ್ಪಾ, ನಿಮ್ಮ ಸಹಿ ಬೇಲಿ ಹಾರಿದೆ" ಅಂದಳು.

ಕಾಗದದಲ್ಲಿ 'ಚಿತ್ರವನ್ನು ಪರಿಶೀಲಿಸಿ' ಎಂದಿದೆ. ಅವಳು ಓದಿ ಹೇಳಿದಾಗ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ನಾನು ಪರಿಶೀಲಿಸಿದ್ದು ಚಿತ್ರವನ್ನಲ್ಲ, ನಿನ್ನನ್ನು. ಅದು ಸಾಕು ಎಂದುಕೊಂಡೆ.

ಹಗುರಾಯಿತು. ಆರು ವರ್ಷದಿಂದ ನೀನು ಆ ದಿನದ ಕಥೆಯನ್ನು ಹಕ್ಕಿ ಕ್ಲಬ್ಬಿನವರ ಮುಂದೆಲ್ಲ ಹೇಳುತ್ತಿದ್ದೆ. ಹಠಮಾರಿ ಕ್ಲೆಮ್ ಒಂದು ಹಕ್ಕಿ ನುಂಗಿದ ಎಂದು. ನಾನೂ ನಗುತ್ತಿದ್ದೆ, ಆದರೆ ಚುಚ್ಚುತ್ತಿತ್ತು. ತಪ್ಪು ನನ್ನದೇ ಆದದ್ದು ಒಳ್ಳೆಯದೇ ಆಯಿತು, ಜೌಗು ಉಳಿಯುತ್ತದೆ.

ವಿಚಾರಣೆಗೆ ನಾನೂ ಬರಬೇಕಂತೆ. ಲಿನೆಟ್ ರೈಲು ಹತ್ತಿಸುತ್ತಾಳೆ. ಮೆಲ್ಬರ್ನಿನಲ್ಲಿ ಬದಲಿಸಲು ರೈಲಿನವರು ಸಹಾಯ ಮಾಡುತ್ತಾರೆ. ನೀನು ನಿಲ್ದಾಣಕ್ಕೆ ಬಾ. ನಿನ್ನ ಕಿವಿ ನೋಡಿ ಗುರುತು ಹಿಡಿಯುತ್ತೇನೆ.

ಕ್ಲೆಮ್


ಬೆಂಡಿಗೋ
೨೫ ಜೂನ್

ವಿಲ್ಮಾ,

ಅವತ್ತು ನಿನ್ನ ಕಾರು ಹತ್ತದೆ ಟ್ಯಾಕ್ಸಿ ಹಿಡಿದು ನಿಲ್ದಾಣಕ್ಕೆ ಹೋದದ್ದಕ್ಕೆ ಕ್ಷಮೆ ಕೇಳುವುದಿಲ್ಲ.  ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಂಪನಿಯ ವಕೀಲೆ ಚಿಕ್ಕ ವಯಸ್ಸಿನವಳು, ಮೆದು ಮಾತು. ಬೈದಿದ್ದರೆ ಚೆನ್ನಾಗಿತ್ತು.

"ಮಿಸ್ಟರ್ ಟಾರ್ನಿ, ಪರದೆ ಮೇಲೆ ಏನು ಕಾಣ್ತಾ ಇದೆ ಹೇಳ್ತೀರಾ?"

"ಬೆಳಕು."

"ಹಕ್ಕಿ?"

"ಇಲ್ಲಮ್ಮ."

"ಮತ್ತೆ ಮೂವತ್ತೈದು ಅಂತ ಎಣಿಸಿದ್ಯಾರು?"

"ವಿಲ್ಮಾ."

"ನೀವು ಯಾವ ಆಧಾರದ ಮೇಲೆ ಸಹಿ ಮಾಡಿದ್ರಿ?"

"ಮೂವತ್ತೊಂದು ವರ್ಷದ ಆಧಾರದ ಮೇಲೆ," ಅಂದೆ.

ಯಾರೂ ನಗಲಿಲ್ಲ. ಆಮೇಲೆ ಅವಳು ನಮ್ಮ ಕ್ಲಬ್ಬಿನ ಪತ್ರಿಕೆ ತೆಗೆದಳು, ೨೦೧೯ರ ಏಪ್ರಿಲ್ ಸಂಚಿಕೆ. ಆರನೆಯ ಪುಟದಲ್ಲಿ ನೀನು ತೆಗೆದ ಚಿತ್ರ. ಅದೇ ಹಳೆಯ ಕಂಬ, ಅದೇ ಉಪ್ಪುಗಿಡ, ಅದೇ ದಿನ. ಪತ್ರಿಕೆಯವರಲ್ಲಿ ಉಳಿದ ಮೂಲ ಪ್ರತಿಯ ಸಮಯ ನೋಡಿದರೆ ಮೊದಲಿನ ಚಿತ್ರ ತೆಗೆದು ಒಂದು ನಿಮಿಷವೂ ಆಗಿರಲಿಲ್ಲವಂತೆ. ಹಕ್ಕಿ ತಲೆ ಎತ್ತಿದೆಯಂತೆ. ಚಿತ್ರದ ಕೆಳಗೆ ನೀನೇ ಬರೆದದ್ದನ್ನು ಅವಳು ಗಟ್ಟಿಯಾಗಿ ಓದಿದಳು: "ದೊಡ್ಡವರ ಸಾಲಿಗೆ ನುಸುಳಿದ ಚಿಕ್ಕವನು. ವಿಂಬ್ರೆಲ್, ಲಾರ್ಕಿನ್ ಜೌಗು."

ಆ ಸಂಚಿಕೆ ನನಗೂ ಬಂದಿತ್ತು. ಚಿತ್ರ ಚೆನ್ನಾಗಿದೆ ಎಂದು ನಿನಗೆ ಫೋನ್ ಮಾಡಿ ಹೇಳಿದ್ದೆ. ಯಾವ ದಿನದ್ದು ಎಂದು ಕೇಳಲಿಲ್ಲ, ನೀನೂ ಹೇಳಲಿಲ್ಲ.

ನನ್ನದು ಒಂದೇ ಪ್ರಶ್ನೆ. ಅಳತೆ ಒಂದೇ ಎಂದು ಬರೆಯುವಾಗ ನಿನ್ನ ಕಣ್ಣ ಮುಂದೆ ಆ ಚಿತ್ರ ಇತ್ತೇ?

ಕ್ಲೆಮ್ ಟಾರ್ನಿ


ಪೋರ್ಟ್ ಕಾರ್ಬೆಟ್
೬ ಜುಲೈ

ಕ್ಲೆಮ್,

ಇತ್ತು.

ಈ ಒಂದು ಪದ ಬರೆದು ಲಕೋಟೆಗೆ ಹಾಕಿದ್ದೆ. ಆಮೇಲೆ ಒಡೆದೆ. ಅಷ್ಟಕ್ಕೇ ನಿಲ್ಲಿಸಿದರೆ ಅದೂ ಒಂದು ಬಗೆಯ ಜಂಬ.

ಅಂದಿನ ಚಿತ್ರಗಳು ಮೂರು. ಮೊದಲಿನದು ನಿನಗೆ ಕಳಿಸಿದ್ದು. ಎರಡನೆಯದರಲ್ಲಿ ಹಕ್ಕಿ ಕಣ್ಣು ಬಿಟ್ಟಿದೆ. ಮೂರನೆಯದರಲ್ಲಿ ಕತ್ತೆತ್ತಿದೆ. ಗಿಡ್ಡ ಕೊಕ್ಕು, ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಅವತ್ತೇ ಸಂಜೆ ಮನೆಯಲ್ಲಿ ನೋಡಿದ್ದೆ. ನಿನ್ನ ಎಣಿಕೆ ಸರಿ ಎಂದು ಗೊತ್ತಾಯಿತು. ಮರುದಿನ ಹೇಳಬಹುದಿತ್ತು. ದಾಖಲೆಗೆ ಸರಿಯಾದ ಸಂಖ್ಯೆಯೇ ಹೋಗಿದೆಯಲ್ಲ, ಹೇಳದಿದ್ದರೆ ನಷ್ಟವೇನು ಎಂದುಕೊಂಡೆ. ಚಿತ್ರ ಚೆನ್ನಾಗಿ ಬಂದಿತ್ತು, ಪತ್ರಿಕೆಗೆ ಕೊಟ್ಟೆ. ನಮ್ಮಂಥವರಿಗೆ ಒಳ್ಳೆಯ ಚಿತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಲು ಬರುವುದಿಲ್ಲ.

ಆಮೇಲೆ ಕ್ಲಬ್ಬಿನಲ್ಲಿ ಯಾರೋ ಆ ದಿನದ ಜಗಳದ ಬಗ್ಗೆ ಕೇಳಿದರು. ನಗೆ ಬರುವ ಹಾಗೆ ಹೇಳಿದೆ. ಎಲ್ಲರೂ ನಕ್ಕರು. ಮುಂದಿನ ಸಲವೂ ಹೇಳಿದೆ. ಹತ್ತು ಸಲ ಹೇಳಿದ ಮೇಲೆ ವಿಂಬ್ರೆಲ್ ಕಥೆಯಿಂದ ಜಾರಿಹೋಯಿತು. ಮಾರ್ಚಿನಲ್ಲಿ ನಿನಗೆ ಬೈದು ಬರೆದಾಗ ನಾನು ಸುಳ್ಳು ಹೇಳುತ್ತಿರಲಿಲ್ಲ ಕ್ಲೆಮ್, ಮೂವತ್ತೈದು ಎಂದು ನಂಬಿದ್ದೆ. ೧೯೭೪ರ ಕಸದ ಲಾರಿಗಳ ಬಣ್ಣ ನೆನಪಿಟ್ಟುಕೊಂಡವಳು ನಾನು! ನನಗೆ ಬೇಡದ್ದೊಂದನ್ನು ಎಷ್ಟು ಅಚ್ಚುಕಟ್ಟಾಗಿ ಮರೆತಿದ್ದೆ ನೋಡು.

ಪೆಟ್ಟಿಗೆ ತೆರೆದ ದಿನ ಮೂರೂ ಚಿತ್ರ ಸಿಕ್ಕವು. ಎಲ್ಲ ನೆನಪಾಯಿತು. ಎರಡನೆಯದನ್ನೂ ಮೂರನೆಯದನ್ನೂ ಅಳಿಸಿಹಾಕಿದೆ. ಪತ್ರಿಕೆಗೆ ಕೊಟ್ಟದ್ದು ಮಾತ್ರ ಆಗಲೂ ನೆನಪಾಗಲಿಲ್ಲ.

ನಿನಗೆ ಕಾಣುವುದಿಲ್ಲ ಎಂದು ಗೊತ್ತಿದ್ದೇ ಬರೆದೆ. ಕಾಣುತ್ತಿದ್ದರೆ ಬರೆಯುತ್ತಿರಲಿಲ್ಲ. ಇದಕ್ಕಿಂತ ಕೆಟ್ಟದ್ದು ನನ್ನ ಬಗ್ಗೆ ಹೇಳಲು ನನ್ನಲ್ಲಿಲ್ಲ.

ಒಂದು ಹಕ್ಕಿಯ ಸುಳ್ಳಿನಿಂದ ಆರು ಸಾವಿರ ಮೈಲಿ ಹಾರಿ ಬರುವ ಮೂವತ್ತನಾಲ್ಕಕ್ಕೆ ಜಾಗ ಉಳಿಯುವುದಾದರೆ ಆ ಸುಳ್ಳು ನನಗಿರಲಿ ಎಂದುಕೊಂಡಿದ್ದೆ. ಅದನ್ನು ನಿನ್ನ ಕೈಯಲ್ಲಿ ಹೇಳಿಸಿದೆ ಎಂಬುದು ಆಗ ತೋಚಲಿಲ್ಲ. ಮಂಡಳಿಗೂ ಕ್ಲಬ್ಬಿಗೂ ಬರೆದಿದ್ದೇನೆ, ನೀನು ನಿರಪರಾಧಿ, ಮೋಸ ನನ್ನೊಬ್ಬಳದು ಎಂದು. ತಲುಪಿದೆ ಎಂದಷ್ಟೇ ಉತ್ತರ ಬಂತು.

ವಿಲ್ಮಾ


ಬೆಂಡಿಗೋ
೧೯ ಆಗಸ್ಟ್

ವಿಲ್ಮಾ,

ಕ್ಲಬ್ಬಿನ ಕಾರ್ಯದರ್ಶಿ ಮೊಯ್ರಾ ಫೋನ್ ಮಾಡಿ ತೀರ್ಪು ಓದಿದಳು. ಕಂಪನಿಗೆ ಅನುಮತಿ. ಫೆಬ್ರುವರಿಯಲ್ಲಿ ಮಣ್ಣು ಬೀಳುತ್ತದೆ.

ಇನ್ನೊಂದು ಭಾಗವನ್ನು ಎರಡು ಸಲ ಓದಿಸಿದೆ. ನಮ್ಮಿಬ್ಬರ ಸಹಿಯಿರುವ ಮುನ್ನೂರ ಅರವತ್ತೆಂಟು ಹಾಳೆಗಳನ್ನೂ ಮಂಡಳಿ ಪಕ್ಕಕ್ಕಿಟ್ಟಿದೆ, ನಂಬಲಾಗದು ಎಂದು. ರಾಷ್ಟ್ರದ ಪಟ್ಟಿ ಇಟ್ಟುಕೊಳ್ಳುವವರೂ ಅವನ್ನು ತೆಗೆದಿದ್ದಾರಂತೆ. ಅಂದರೆ ೧೯೯೨ರಿಂದ ೨೦೨೩ರವರೆಗೆ ಲಾರ್ಕಿನ್ ಜೌಗಿಗೆ ಒಂದು ಹಕ್ಕಿಯೂ ಬಂದಿರಲಿಲ್ಲ ಎಂದಾಯಿತು. ಮುಂದೆ ಯಾರಾದರೂ ಇಲ್ಲಿ ಏನಿತ್ತು ಎಂದು ಹುಡುಕಿದರೆ ಕೆಸರು ಇತ್ತು ಎಂದು ಸಿಗುತ್ತದೆ.

ನೀನು ತಪ್ಪನ್ನೆಲ್ಲ ಮೇಲೆಳೆದುಕೊಂಡಿದ್ದೀಯ. ಬೇಡ. ಪರಿಶೀಲಿಸಿ ಎಂಬ ಪದ ಓದಿ ಪೆನ್ನು ಎತ್ತಿದವನು ನಾನೇ. ನನ್ನ ಪಾಲು ನನಗಿರಲಿ.

ಕಣ್ಣು ಹೋದ ಮೇಲೆ ನನಗೆ ಒಂದು ಕೆಲಸವಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತ ಹಳೆಯ ಎಣಿಕೆಗಳನ್ನು ಒಂದೊಂದಾಗಿ ನೆನೆಯುವುದು. ೧೯೯೪ರ ಬಿರುಗಾಳಿಯ ದಿನ, ನನ್ನ ಟೋಪಿ ಹೋದದ್ದು, ಇಬ್ಬರ ಚೀಟಿಯಲ್ಲೂ ನಲವತ್ತೆಂಟು. ೨೦೦೩, ನನ್ನ ಹೆಂಡತಿ ತೀರಿದ ತಿಂಗಳು, ನೀನು ಏನೂ ಮಾತಾಡದೆ ಸ್ಯಾಂಡ್‌ವಿಚ್ ಕೊಟ್ಟು ಪಕ್ಕದಲ್ಲಿ ಕೂತದ್ದು, ಇಬ್ಬರದರಲ್ಲೂ ನಲವತ್ತೊಂದು. ಈಗ ನೆನೆಯಲು ಹೋದರೆ ಬೇರೆ ಪ್ರಶ್ನೆ ಬರುತ್ತದೆ. ಅವತ್ತು ನೀನು ನಿಜವಾಗಿ ಎಣಿಸಿದ್ದೆಯಾ, ಇಲ್ಲ, ನನ್ನ ಪೆನ್ನು ಆಡಿದ್ದನ್ನು ನೋಡಿ ಬರೆದೆಯಾ?

ಎಣಿಸಿದ್ದೆ ಎಂದು ನೀನು ಬರೆಯುತ್ತೀಯ. ಅದು ನಿಜವೇ ಇರಬಹುದು. ಆದರೆ ಈಗ ನನಗೆ ಅದರಿಂದ ಉಪಯೋಗವಿಲ್ಲ.

ಬರೆಯಬೇಡ ಎನ್ನುವುದಿಲ್ಲ. ಓದುತ್ತೇನೆ ಎಂದೂ ಮಾತು ಕೊಡುವುದಿಲ್ಲ. ಯಂತ್ರದಲ್ಲಿ ಓದುವುದು ಬಹಳ ದಣಿವು.

ಕ್ಲೆಮ್


ಪೋರ್ಟ್ ಕಾರ್ಬೆಟ್
೧೨ ಅಕ್ಟೋಬರ್

ಪ್ರಿಯ ಕ್ಲೆಮ್,

ನೀನು ಇದನ್ನು ಓದದಿರಬಹುದು. ಅದಕ್ಕೇ ಚಿಕ್ಕದಾಗಿ ಬರೆಯಬೇಕೆಂದುಕೊಂಡೆ, ನನಗೆ ಅಭ್ಯಾಸವಿಲ್ಲ.

ಹಕ್ಕಿಗಳು ಬಂದಿವೆ. ಬೇಲಿಯೊಳಗೆ ಉಕ್ಕಿನ ಹಲಗೆಗಳನ್ನು ಆಗಲೇ ಸಾಲಾಗಿ ಬಡಿದಿದ್ದಾರೆ. ಅವುಗಳ ನಡುವೆ ಉಳಿದ ಕೆಸರಿನಲ್ಲಿ ಮೇಯುತ್ತಿವೆ. ಯಂತ್ರ ಒಂದು ಸಲ ಬಡಿದರೆ ಎಲ್ಲವೂ ಏಳುತ್ತವೆ, ಒಂದು ಸುತ್ತು ಹಾಕಿ ಅಲ್ಲೇ ಇಳಿಯುತ್ತವೆ. ಸೈಬೀರಿಯಾದಿಂದ ಎಲುಬು ಚರ್ಮವಾಗಿ ಬಂದಿವೆ. ಇನ್ನೊಂದು ಜಾಗ ಹುಡುಕುವ ಕಸುವು ಅವುಗಳ ಮೈಯಲ್ಲಿಲ್ಲ. ರೆಕ್ಕೆ ಇದೆಯಲ್ಲ ಎಂದವನು ಬಂದು ನೋಡಬೇಕಿತ್ತು.

ನಿನ್ನೆ ಶನಿವಾರ, ಹಕ್ಕಿಗಳು ಮರಳಿದ ಮೇಲಿನ ಮೊದಲ ಎಣಿಕೆ ಇತ್ತು. ಕ್ಲಬ್ಬಿನಿಂದ ಇಬ್ಬರು ಹೊಸಬರು ಬಂದಿದ್ದರು. ಬ್ರಿಯೋನಿ ಎಂಬ ನರ್ಸ್, ಅವಳ ಗಂಡ. ನಾನು ಹೋಗಿ ಎಂದಿನ ಜಾಗದಲ್ಲಿ ಕುರ್ಚಿ ಹಾಕಿ ದುರ್ಬೀನು ನಿಲ್ಲಿಸಿದೆ. ಆ ಹುಡುಗಿ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕೆಂಪಗಾಗಿದ್ದಳು ಪಾಪ.

"ವಿಲ್ಮಾ, ತಪ್ಪು ತಿಳ್ಕೋಬೇಡಿ. ನೀವು ಇಲ್ಲಿ ಕೂತಿದ್ರೆ ಈ ಎಣಿಕೆ ಮೇಲೂ ಪ್ರಶ್ನೆ ಬರುತ್ತೆ ಅಂತ ಮೊಯ್ರಾ ಹೇಳಿದ್ರು."

"ನಾನು ಬಾಯಿ ಬಿಡಲ್ಲಮ್ಮ. ಸುಮ್ನೆ ನೋಡ್ತೀನಿ."

"ನಿಮ್ಮ ಹೆಸರಿದ್ರೇನೇ ಸಾಕಂತೆ. ಸ್ವಲ್ಪ ಹೊತ್ತು... ಕಾರಲ್ಲಿ ಕೂತಿರ್ತೀರಾ?"

ಬಾಯಿಗೆ ಬಂದ ಮಾತು ನಿನಗೆ ಗೊತ್ತೇ ಇದೆ. ನೀನು ಹುಟ್ಟೋಕೆ ಮೊದಲೇ ಇಲ್ಲಿ ಎಣಿಸ್ತಿದ್ದೆ ಕಣೇ ಎಂದು. ಆದರೆ ಎಣಿಸಿದೆ ಎಂಬುದಕ್ಕೆ ಈಗ ಯಾವ ಕಾಗದವಿದೆ? ಅವಳೇ ನನ್ನ ಕುರ್ಚಿ ಮಡಚಿ ಕಾರಿನವರೆಗೆ ಹೊತ್ತು ತಂದಳು. ಒಳ್ಳೆಯ ಹುಡುಗಿ.

ಕಾರಿನಿಂದ ಬೇಲಿ ಕಾಣುತ್ತದೆ, ಬೇಲಿಯಾಚೆ ಹಲಗೆಗಳು, ಅದರಾಚೆ ಕಂದು ಚುಕ್ಕೆಗಳು.

ಒಂದೂವರೆ ಗಂಟೆ ಕೂತೆ. ಅವರಿಬ್ಬರೂ ಬೆನ್ನು ತಿರುಗಿಸಿ ಬರೆದರು, ತೋರಿಸಿಕೊಂಡರು, ಮತ್ತೆ ಎಣಿಸಿದರು. ಎರಡನೆಯ ಸಲಕ್ಕೆ ಹೊಂದಿರಬೇಕು, ಹುಡುಗಿ ತಲೆಯಾಡಿಸಿದಳು. ಹೊರಡುವಾಗ ನನ್ನ ಕಾರಿನ ಹತ್ತಿರ ಬಂದಳು. ನಾನು ಕಿಟಕಿ ಇಳಿಸಿದೆ. ಅವಳ ಕೈಯಲ್ಲಿ ಹಾಳೆ ಇತ್ತು. ನನ್ನ ಕಣ್ಣು ಅದರ ಕಡೆ ಹೋದದ್ದನ್ನು ನೋಡಿ ಮೆಲ್ಲಗೆ ಅದನ್ನು ಮಗುಚಿ ಎದೆಗೆ ಒತ್ತಿಕೊಂಡಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

"ಚಳಿ ಇದೆ, ಮನೆಗೆ ಹೋಗಿ ವಿಲ್ಮಾ," ಅಂದಳು.

ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಹೇಳಿದ್ದರೆ ಅದನ್ನು ನಿನಗೆ ಬರೆಯುತ್ತಿದ್ದೆ, ನೀನು ಒಂದೊಂದೇ ಅಕ್ಷರ ಓದಿ, ಇದನ್ನು ನಂಬಬೇಕೋ ಬಿಡಬೇಕೋ ಎಂದು ಕೂರುತ್ತಿದ್ದೆ.

ಎಷ್ಟು ಬಂದಿವೆ ಎಂದು ತಿಳಿಯಬೇಕೆನಿಸಿದರೆ ಮೊಯ್ರಾಗೆ ಫೋನ್ ಮಾಡು.

ವಿಲ್ಮಾ